ರಾಯಚೂರು ಸೀಮೆಯ ಶಾಲೆಗಳೂ ಕೈಗಾರಿಕಾ ಕಂಪೆನಿಗಳ ವಿದ್ಯಾಪೋಷಣೆಯೂ

೧

ಕೃಷ್ಣೆ ತುಂಗಭದ್ರೆಗಳ ನಡುವಣ ರಾಯಚೂರು ಸೀಮೆಯಲ್ಲಿ ಕೈಗಾರಿಕೆಗೂ ವಿದ್ಯೆಗೂ ಇರುವ ನಂಟು ಇಂದು ನಿನ್ನೆಯದಲ್ಲ. ಮಸ್ಕಿಯ ಅಶೋಕಶಾಸನವನ್ನು ೧೯೧೫ರಲ್ಲಿ ಮೊದಲು ಗುರುತಿಸಿದಾತನು ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರು. ದೇವಾನಾಂಪ್ರಿಯನೆಂದು ಶಾಸನಗಳಲ್ಲಿ ಹೇಳಿಕೊಂಡ ಅರಸನು ಅಶೋಕನೇ ಎಂಬ ಸಂಗತಿಯು ಅಲ್ಲಿ ಆತನ ಹೆಸರು ಕಂಡುಬಂದುದರಿಂದ ದೃಢಪಟ್ಟಿತು. ಹೊನ್ನನ್ನರಸಿ ಹೋದವನಿಗೆ ಅಕ್ಷರವು ದೊರೆತ ಈ ಪ್ರಸಂಗವು ಆಕಸ್ಮಿಕವಾದುದು. ಶತಮಾನವೊಂದು ಕಳೆದ ಮೇಲೆ, ಅದೇ ಸೀಮೆಯಲ್ಲಿಯೂ ನಾಡಿನ ಉಳಿದೆಡೆಗಳಲ್ಲಿಯೂ ಲಾಭವನ್ನು ಪಡೆಯುವ ದೊಡ್ಡ ಕಂಪೆನಿಗಳು ಸಮಾಜದ ಹಿತಕ್ಕಾಗಿ, ಅದರಲ್ಲಿಯೂ ವಿದ್ಯೆಗಾಗಿ, ಹಣವನ್ನು ವೆಚ್ಚಮಾಡುವುದು ಆಕಸ್ಮಿಕವಾಗಿ ಉಳಿದಿಲ್ಲ; ಅದಕ್ಕೆ ಈಗ ಮತ್ತೊಂದು ಬಗೆಯ ಶಾಸನದ ಆಧಾರವುಂಟು.

ಈ ನೆರವಿನ ಸ್ವರೂಪವೇನು, ಅದು ರಾಯಚೂರು ನಗರಕ್ಕೂ ದೇವದುರ್ಗ ಮಾನ್ವಿಗಳಿಗೂ ಸಮನಾಗಿ ಸಲ್ಲುವಂತಹುದೇ, ನಾಡಿನ ಹಳೆಯ ವಿದ್ಯಾದತ್ತಿಗಳೊಡನೆ ಹೋಲಿಸಿದರೆ ಅದರ ಗುಣವೇನು, ಕೊರತೆಯೇನು ಎಂಬ ಮೂರು ವಿಷಯಗಳನ್ನು ವಿವರಿಸುವುದು ಈ ಲೇಖನದ ಉದ್ದೇಶ.

೨

ಮೊದಲು ಸೀಮೆಯ ಸ್ಥಿತಿಯನ್ನು ನೋಡತಕ್ಕುದು. ರಾಯಚೂರು ನಗರದ ಸಮೀಪದಲ್ಲಿ, ಕೃಷ್ಣೆಯ ದಡದ ಶಕ್ತಿನಗರದಲ್ಲಿ, ಕರ್ನಾಟಕ ವಿದ್ಯುತ್ ನಿಗಮದ ಶಾಖೋತ್ಪನ್ನ ವಿದ್ಯುತ್ ಕೇಂದ್ರವಿದೆ. ಅದರ ಮೊದಲನೆಯ ಘಟಕವು ೧೯೮೫ರಲ್ಲಿ ಪ್ರಾರಂಭವಾಯಿತು. ಎಂಟು ಘಟಕಗಳು ಸೇರಿ ಅದರ ಸಾಮರ್ಥ್ಯವು ೧೭೨೦ ಮೆಗಾವಾಟ್. ಯರಮರಸ್‌ನಲ್ಲಿ ತಲಾ ೮೦೦ ಮೆಗಾವಾಟ್‌ನ ಎರಡು ಘಟಕಗಳ ಮತ್ತೊಂದು ಕೇಂದ್ರವು ಬಳಿಕ ತಲೆಯೆತ್ತಿತು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ, ೧೯೪೭ರಲ್ಲಿ ಸ್ಥಾಪಿತವಾದ ಕಂಪೆನಿಯು ಚಿನ್ನದ ಗಣಿಯನ್ನು ನಡೆಸುತ್ತಿದೆ. ನಗರದ ಸುತ್ತಣ ಕೈಗಾರಿಕಾ ಪ್ರದೇಶಗಳಲ್ಲಿ ಔಷಧದ ಕಾರ್ಖಾನೆಗಳುಂಟು. ೧೯೮೭ರಲ್ಲಿ ರಾಯಚೂರಿನಲ್ಲಿಯೇ ಹುಟ್ಟಿದ ಶಿಲ್ಪಾ ಮೆಡಿಕೇರ್ ಕಂಪೆನಿಯು ಅರ್ಬುದರೋಗದ ಔಷಧಗಳಿಗೆ ಹೆಸರಾಗಿದೆ. ಹತ್ತಿಯ ಜಿನ್ನಿಂಗ್ ಮಿಲ್ಲುಗಳೂ ಎಣ್ಣೆಯ ಮಿಲ್ಲುಗಳೂ ರಾಯಚೂರಿಗೆ ಹಳೆಯವು.

ನಗರವನ್ನು ಬಿಟ್ಟು ಹೊರಟರೆ ನೋಟವು ಬದಲಾಗುತ್ತದೆ. ತುಂಗಭದ್ರಾ ಎಡದಂಡೆಯ ಕಾಲುವೆಯ ನೀರನ್ನುಣ್ಣುವ ಮಾನ್ವಿಯು ಭತ್ತದ ನಾಡು. ಅಲ್ಲಿಯ ಕೈಗಾರಿಕೆಯೆಂದರೆ ಮುಖ್ಯವಾಗಿ ಅಕ್ಕಿಯ ಗಿರಣಿಗಳು. ದೇವದುರ್ಗದಲ್ಲಿ ನಾರಾಯಣಪುರ ಬಲದಂಡೆಯ ಕಾಲುವೆಯು ಕೆಲವು ಭಾಗಗಳನ್ನು ತಣಿಸಿದ್ದರೂ, ದೊಡ್ಡ ಕಾರ್ಖಾನೆಯೆಂಬುದಿಲ್ಲ. ಮಳೆ ಕೈಕೊಟ್ಟ ವರ್ಷಗಳಲ್ಲಿ ಅಲ್ಲಿಯ ಕುಟುಂಬಗಳು ಬೆಂಗಳೂರು, ಪುಣೆ, ಹೈದರಾಬಾದುಗಳಿಗೆ ಗುಳೆ ಹೋಗುತ್ತವೆ. ಮಕ್ಕಳು ತಾಯಿತಂದೆಯರ ಜತೆಯಲ್ಲಿ ಹೋಗುತ್ತಾರೆ, ಇಲ್ಲವೆ ಅಜ್ಜಿಯ ಬಳಿ ಉಳಿದು ಹತ್ತಿ ಬಿಡಿಸಲು ಹೊಲಕ್ಕೆ ಹೋಗುತ್ತಾರೆ. ಹಾಜರಿಪುಸ್ತಕದಲ್ಲಿ ಹೆಸರಿದ್ದು ಬೆಂಚಿನ ಮೇಲೆ ಮಗುವಿಲ್ಲದಿರುವ ತಿಂಗಳುಗಳು ಇಂತಹವು.

೨೦೧೧ರ ಜನಗಣತಿಯಂತೆ ರಾಜ್ಯದ ಸಾಕ್ಷರತೆಯು ಶೇಕಡಾ ೭೫.೩೬ ಆಗಿದ್ದರೆ, ರಾಯಚೂರು ಜಿಲ್ಲೆಯದು ಶೇಕಡಾ ೫೯.೫೬, ಜಿಲ್ಲೆಯ ಹೆಣ್ಣುಮಕ್ಕಳಲ್ಲಿ ಅರ್ಧಕ್ಕಿಂತ ಕಡಮೆ, ಎಂದರೆ ಶೇಕಡಾ ೪೮.೭೩. ಪ್ರಾದೇಶಿಕ ಅಸಮತೆಯನ್ನು ಪರಿಶೀಲಿಸಿದ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು ೨೦೦೨ರ ವರದಿಯಲ್ಲಿ ದೇವದುರ್ಗವನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಗುಂಪಿಗೆ ಸೇರಿಸಿತು. ೨೦೧೮ರಲ್ಲಿ ಕೇಂದ್ರಸರಕಾರವು ವಿಶೇಷ ಗಮನಕ್ಕೆಂದು ಆರಿಸಿದ ಮಹತ್ವಾಕಾಂಕ್ಷಿ ಜಿಲ್ಲೆಗಳಲ್ಲಿ ಕರ್ನಾಟಕಕ್ಕೆ ಸೇರಿದವು ಎರಡೇ: ರಾಯಚೂರು ಮತ್ತು ಯಾದಗಿರಿ.

ಈ ಅಂಕಿಗಳನ್ನು ನೋಡಿ, ಇದು ವಿದ್ಯೆಗೆ ಹೊರಗಾದ ನೆಲವೆಂದು ಭಾವಿಸುವುದು ತಪ್ಪಾದೀತು. ವಿಜಯದಾಸರ ಚೀಕಲಪರವಿಯು ಮಾನ್ವಿ ತಾಲ್ಲೂಕಿನಲ್ಲಿದೆ. ಗೋಪಾಲದಾಸರ ಮೊಸರುಕಲ್ಲು ದೇವದುರ್ಗ ತಾಲ್ಲೂಕಿನದು. ಹರಿಕಥಾಮೃತಸಾರದ ಕರ್ತೃವಾದ ಜಗನ್ನಾಥದಾಸರು ಮಾನ್ವಿಯಲ್ಲಿ ನೆಲೆಸಿದವರು. ಹದಿನೆಂಟನೆಯ ಶತಮಾನದಲ್ಲಿ ಕನ್ನಡ ದಾಸಸಾಹಿತ್ಯದ ಜೀವವು ಮಿಡಿದುದು ಈ ಎರಡು ತಾಲ್ಲೂಕುಗಳಲ್ಲಿಯೇ. ಇಲ್ಲಿ ಕುಂದಿದುದು ಬುದ್ಧಿಯಲ್ಲ, ಶಾಲೆಯ ಅನುಕೂಲ. ೧೯೪೮ರ ವರೆಗೆ ಈ ಸೀಮೆಯು ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದು, ಮೇಲಿನ ತರಗತಿಗಳ ಬೋಧನೆಯು ಉರ್ದುವಿನಲ್ಲಿ ನಡೆಯುತ್ತಿದ್ದುದರಿಂದ, ಮನೆಯ ಮಾತು ಬೇರೆ ಶಾಲೆಯ ಮಾತು ಬೇರೆ ಎಂಬ ತೊಡಕು ಅನೇಕ ಮಕ್ಕಳನ್ನು ಹೊಸ್ತಿಲಲ್ಲಿಯೇ ತಡೆಯಿತು. ಪಂಡಿತ ತಾರಾನಾಥರು ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆಯನ್ನು ಕಟ್ಟಿದುದು ಇಂತಹ ಕಾಲದಲ್ಲಿ. ಅದರ ಬಲವು ಕಂಪೆನಿಯ ಹಣವಾಗಿರಲಿಲ್ಲ. ಒಬ್ಬ ವ್ಯಕ್ತಿಯ ಶ್ರದ್ಧೆಯೂ ಊರವರ ನೆರವೂ ಆಗಿತ್ತು.

೩

ಕೈಗಾರಿಕೆ ವ್ಯಾಪಾರಗಳ ಹಣವು ವಿದ್ಯೆಗೆ ಸಲ್ಲುವ ಪದ್ಧತಿಯು ಕನ್ನಡ ನಾಡಿನಲ್ಲಿ ಪುರಾತನವಾದುದು. ಅಯ್ಯಾವೊಳೆಯ ಐನೂರ್ವರೇ ಮೊದಲಾದ ವರ್ತಕ ಸಂಘಗಳು ಹೇರಿಗಿಷ್ಟು, ಎತ್ತಿಗಿಷ್ಟು, ಗಾಣಕ್ಕಿಷ್ಟು ಎಂದು ತಮ್ಮ ಮೇಲೆ ತಾವೇ ಆಯವನ್ನು ವಿಧಿಸಿಕೊಂಡು ದೇವಾಲಯಗಳಿಗೂ ಅವುಗಳಿಗೆ ಸೇರಿದ ಧರ್ಮಕಾರ್ಯಗಳಿಗೂ ಬಿಟ್ಟುಕೊಟ್ಟ ಸಂಗತಿಗಳು ಶಾಸನಗಳಲ್ಲಿ ಹೇರಳವಾಗಿವೆ. ವ್ಯಾಪಾರವು ನಡೆಯುವವರೆಗೆ ಆಯವೂ ನಡೆಯುವುದು ಆ ಏರ್ಪಾಟಿನ ಗುಣ.

ವಿದ್ಯಾದತ್ತಿಯ ಸ್ವರೂಪವನ್ನು ತಿಳಿಯಲು ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನ ನಾಗಾವಿಯ ನಿದರ್ಶನವು ಉಪಯುಕ್ತ. ಕಲ್ಯಾಣದ ಚಾಲುಕ್ಯ ಒಂದನೆಯ ಸೋಮೇಶ್ವರನ ಕಾಲದ, ೧೦೫೮ರ ಶಾಸನವು ಅಲ್ಲಿಯ ಘಟಿಕಾಸ್ಥಾನದ ವ್ಯವಸ್ಥೆಯನ್ನು ವಿವರಿಸುತ್ತದೆ. ಕಟ್ಟಡದ ವರ್ಣನೆಯಲ್ಲಿಯೇ ಅದು ನಿಲ್ಲುವುದಿಲ್ಲ. ವೇದವನ್ನೂ ಶಾಸ್ತ್ರವನ್ನೂ ಓದುವ ವಿದ್ಯಾರ್ಥಿಗಳ ಊಟ ವಸತಿ, ಓದಿಸುವ ಉಪಾಧ್ಯಾಯರ ಜೀವನ, ಗ್ರಂಥಗಳನ್ನು ಕಾಪಾಡುವ ಆರು ಮಂದಿ ಸರಸ್ವತೀ ಭಂಡಾರಿಗರ ಪೋಷಣೆ ಇವೆಲ್ಲಕ್ಕೂ ಭೂಮಿಯನ್ನು ಬಿಟ್ಟುದು ಅಲ್ಲಿ ಕಾಣುತ್ತದೆ. ಭಟ್ಟವೃತ್ತಿ, ಖಂಡಿಕ ಮುಂತಾದ ಮಾತುಗಳು ಸೂಚಿಸುವುದೂ ಇದನ್ನೇ: ದಾನಿಯು ವಸ್ತುವನ್ನು ಮಾತ್ರ ಕೊಡದೆ ವೃತ್ತಿಯನ್ನು ಕಲ್ಪಿಸುತ್ತಿದ್ದನು, ಬೆಳೆದುದು ವರ್ಷವರ್ಷವೂ ಒದಗುವಂತೆ ಮೂಲವನ್ನೇ ಬಿಟ್ಟುಕೊಡುತ್ತಿದ್ದನು.

ಆ ವಿದ್ಯಾಸ್ಥಾನಗಳು ಎಲ್ಲ ಜನರಿಗೂ ತೆರೆದಿರಲಿಲ್ಲವೆಂಬುದನ್ನು ಮರೆಯಲಾಗದು. ಇಂದಿನ ಸರಕಾರಿ ಶಾಲೆಯು ಎಲ್ಲರದು. ಆ ವಿಷಯದಲ್ಲಿ ಹೋಲಿಕೆಯೇ ಸಲ್ಲದು. ಹಳೆಯ ಏರ್ಪಾಟಿನಿಂದ ಕಲಿಯತಕ್ಕುದು ಯಾರಿಗೆ ಕೊಟ್ಟರೆಂಬುದನ್ನಲ್ಲ, ಹೇಗೆ ಕೊಟ್ಟರೆಂಬುದನ್ನು.

೪

ಈಗಿನ ಕಾನೂನಿನ ಸ್ವರೂಪವು ಹೀಗಿದೆ. ೨೦೧೩ರ ಕಂಪೆನಿಗಳ ಕಾಯಿದೆಯ ೧೩೫ನೆಯ ಪ್ರಕರಣವು ೨೦೧೪ರ ಏಪ್ರಿಲ್ ೧ರಿಂದ ಜಾರಿಗೆ ಬಂದಿತು. ೫೦೦ ಕೋಟಿ ರೂಪಾಯಿ ಅಥವಾ ಹೆಚ್ಚಿನ ನಿವ್ವಳ ಸಂಪತ್ತು, ಇಲ್ಲವೆ ೧೦೦೦ ಕೋಟಿಯ ವಹಿವಾಟು, ಇಲ್ಲವೆ ೫ ಕೋಟಿಯ ನಿವ್ವಳ ಲಾಭ ಇವುಗಳಲ್ಲಿ ಯಾವುದೊಂದಿದ್ದರೂ ಆ ಕಂಪೆನಿಯು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇಕಡಾ ೨ರಷ್ಟನ್ನು ಸಮಾಜದ ಹಿತಕ್ಕಾಗಿ ವೆಚ್ಚಮಾಡಬೇಕು. ಸಿ. ಎಸ್. ಆರ್. ನಿಧಿಯೆಂದು ಊರೂರುಗಳಲ್ಲಿಯೂ ಕೇಳಿಬರುವ ಹಣವು ಇದೇ. ಕಾಯಿದೆಯ ಏಳನೆಯ ಅನುಸೂಚಿಯಲ್ಲಿ ಎಣಿಸಿದ ಕಾರ್ಯಗಳಲ್ಲಿ ಶಿಕ್ಷಣವೂ ಜೀವನೋಪಾಯಕ್ಕೆ ಒದಗುವ ಕಸಬಿನ ಕುಶಲತೆಯೂ ಸೇರಿವೆ. ವರ್ಷಂಪ್ರತಿ ಲಾಭದ ನಿಯತ ಭಾಗವೆಂಬ ಅಂಶದಲ್ಲಿ ಇದು ಹಳೆಯ ಸಂಘಗಳ ಆಯವನ್ನು ನೆನಪಿಗೆ ತರುತ್ತದೆ.

ಆದರೆ ಮೂರು ಭೇದಗಳುಂಟು. ಮೊದಲನೆಯದು ಸ್ಥಳಕ್ಕೆ ಸಂಬಂಧಿಸಿದುದು. ಕಂಪೆನಿಯು ತಾನು ಕೆಲಸ ನಡೆಸುವ ಸ್ಥಳಕ್ಕೂ ಅದರ ಸುತ್ತಣ ಪ್ರದೇಶಕ್ಕೂ ಪ್ರಾಶಸ್ತ್ಯವನ್ನು ಕೊಡಬೇಕೆಂದು ಕಾಯಿದೆಯೇ ಹೇಳುತ್ತದೆ. ಕಾರ್ಖಾನೆಯ ಹೊಗೆಯನ್ನು ಕುಡಿಯುವ ಊರಿಗೆ ಅದರ ಲಾಭದ ಅಂಶವೂ ಸಲ್ಲಬೇಕೆಂಬ ನ್ಯಾಯವು ಒಪ್ಪತಕ್ಕುದೇ. ಆದರೂ ಅದರ ಫಲವೇನೆಂದರೆ, ಕಾರ್ಖಾನೆಯುಳ್ಳ ರಾಯಚೂರಿನ ಸುತ್ತಿಗೆ ನೆರವು ದೊರೆಯುವ ಸಂಭವವು ಹೆಚ್ಚು, ಕಾರ್ಖಾನೆಯಿಲ್ಲದ ದೇವದುರ್ಗಕ್ಕೆ ಕಡಮೆ. ಮಾನ್ವಿಯ ಸ್ಥಿತಿಯು ಇನ್ನೂ ವಿಚಿತ್ರ: ಅಲ್ಲಿ ಕೈಗಾರಿಕೆಯುಂಟು, ಆದರೆ ಅಕ್ಕಿಯ ಗಿರಣಿಗಳು ಹೆಚ್ಚಾಗಿ ಮನೆತನಗಳ ಮತ್ತು ಪಾಲುದಾರರ ಸೊತ್ತು; ಅವು ಕಾಯಿದೆಯ ಮಿತಿಗೆ ಒಳಪಡುವುದಿಲ್ಲ. ಅಂದಮೇಲೆ ಬಡತನವು ಹೆಚ್ಚಾದಂತೆ ಹಕ್ಕು ಕುಗ್ಗುವ ವಿಪರ್ಯಾಸವು ಈ ಏರ್ಪಾಟಿನಲ್ಲಿಯೇ ಅಡಗಿದೆ. ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಯು ದೂರದ ಕಂಪೆನಿಗಳ ಗಮನವನ್ನು ಇತ್ತ ಸೆಳೆದು ಈ ದೋಷವನ್ನು ಕೆಲಮಟ್ಟಿಗೆ ತಿದ್ದಬಲ್ಲುದು. ಗಣಿಗಳ ವಿಷಯದಲ್ಲಿ ೨೦೧೫ರಲ್ಲಿ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಯಮವೂ ಸಹಾಯಕವೇ. ಹಳೆಯ ಗುತ್ತಿಗೆಗಳವರು ರಾಜಧನದ ಶೇಕಡಾ ೩೦ರಷ್ಟನ್ನು ಅದಕ್ಕೆ ಕೊಡಬೇಕು, ಶಿಕ್ಷಣವು ಅದರ ಆದ್ಯ ವೆಚ್ಚಗಳಲ್ಲಿ ಒಂದು. ಆದರೆ ಅದೂ ಗಣಿಗಾರಿಕೆಯಿಂದ ಬಾಧಿತವಾದ ಪ್ರದೇಶಗಳನ್ನೇ ಮೊದಲು ನೋಡುತ್ತದೆ.

ಎರಡನೆಯ ಭೇದವು ಕಾಲಕ್ಕೆ ಸಂಬಂಧಿಸಿದುದು. ೨೦೨೧ರ ಜನವರಿಯಲ್ಲಿ ತಿದ್ದಲಾದ ನಿಯಮಗಳಂತೆ, ಮುಂದುವರಿಯುವ ಯೋಜನೆಯೊಂದರ ಅವಧಿಯು ಪ್ರಾರಂಭದ ವರ್ಷವನ್ನು ಬಿಟ್ಟು ಮೂರು ವರ್ಷಗಳನ್ನು ಮೀರುವಂತಿಲ್ಲ. ಮಗುವಿನ ಓದು ಒಂದನೆಯ ತರಗತಿಯಿಂದ ಹತ್ತನೆಯ ತರಗತಿಯ ವರೆಗೆ ಹತ್ತು ವರ್ಷಗಳದು. ದಾನಿಯ ಗಡಿಯಾರವೂ ಮಗುವಿನ ಗಡಿಯಾರವೂ ಕೂಡಿ ನಡೆಯುವುದಿಲ್ಲ.

ಮೂರನೆಯ ಭೇದವು ಎಲ್ಲಕ್ಕಿಂತ ಮುಖ್ಯವಾದುದು. ಅದೇ ೨೦೨೧ರ ತಿದ್ದುಪಡಿಯ ಬಳಿಕ ಕಂಪೆನಿಯು ಈ ಹಣವನ್ನು ಯಾವ ಸಂಸ್ಥೆಯ ಮೂಲಧನಕ್ಕೂ ಕೊಟ್ಟು ಲೆಕ್ಕ ತೋರಿಸುವಂತಿಲ್ಲ. ಹಣವನ್ನು ಕೂಡಿಟ್ಟು ವೆಚ್ಚವಾಯಿತೆಂದು ಹೇಳುವ ದುರುಪಯೋಗವನ್ನು ತಡೆಯುವುದು ಈ ನಿರ್ಬಂಧದ ಉದ್ದೇಶವಾಗಿರಬಹುದು, ಅದು ಸಾಧುವಾದುದೇ. ಆದರೆ ನಾಗಾವಿಯ ದತ್ತಿಯ ಜೀವಾಳವಾಗಿದ್ದುದು ಮೂಲಧನವೇ. ಹಳೆಯ ದಾನಿಗೆ ಸಹಜವಾಗಿದ್ದ ಮಾರ್ಗವು ಇಂದಿನ ದಾನಿಗೆ ಮುಚ್ಚಿದೆ ಎಂಬುದನ್ನು ಮನಗಾಣದೆ ಕಂಪೆನಿಗಳನ್ನು ಮಾತ್ರ ದೂಷಿಸುವುದು ನ್ಯಾಯವಲ್ಲ.

೫

ಈ ಮೂರು ಭೇದಗಳಿಂದ ನೆರವಿನ ಬಗೆಯು ತಾನಾಗಿಯೇ ನಿರ್ಧಾರವಾಗುತ್ತದೆ. ಒಂದೆರಡು ವರ್ಷಗಳಲ್ಲಿ ಮುಗಿಯಬಲ್ಲ, ಎಣಿಸಿ ತೋರಿಸಬಲ್ಲ ಕಾರ್ಯಗಳಿಗೆ ಆದ್ಯತೆ ಬರುತ್ತದೆ: ಕೊಠಡಿ, ಬೆಂಚು, ಶೌಚಗೃಹ, ಕುಡಿಯುವ ನೀರಿನ ಯಂತ್ರ, ಕಂಪ್ಯೂಟರು, ಪಾಠವನ್ನು ತೋರಿಸುವ ಪರದೆ. ಇವು ಬೇಡವೆಂದಲ್ಲ. ಹೆಣ್ಣುಮಕ್ಕಳಿಗೆ ಶೌಚಗೃಹವಿಲ್ಲದ ಶಾಲೆಯು ಅರ್ಧ ಶಾಲೆಯೇ ಸರಿ. ಆದರೆ ಹುದ್ದೆಗಳು ಖಾಲಿಯಾಗಿ ಅತಿಥಿಶಿಕ್ಷಕರನ್ನು ನೆಚ್ಚಿಕೊಂಡ ಶಾಲೆಗೆ ಪರದೆಯು ಬಂದರೆ, ಅದನ್ನು ನಡೆಸುವವರು ಯಾರು? ಕೆಟ್ಟಾಗ ತಿದ್ದಿಸುವ ಹಣವು ಯಾವುದು? ಪುಸ್ತಕಗಳು ಬಂದರೂ ಕಪಾಟಿನ ಬೀಗದ ಕೈಯನ್ನು ಹಿಡಿದು ಮಕ್ಕಳಿಗೆ ಓದಿಸುವ ಭಂಡಾರಿಯಿಲ್ಲದಿದ್ದರೆ ಫಲವೇನು?

ಇದಕ್ಕಿಂತ ಬೇರೆಯಾದ ಮಾರ್ಗವೂ ಈ ಸೀಮೆಯಲ್ಲಿ ಪರೀಕ್ಷೆಗೆ ಬಂದಿದೆ. ವಿಪ್ರೋ ಕಂಪೆನಿಯ ಅಜೀಂ ಪ್ರೇಂಜಿಯವರು ಸ್ಥಾಪಿಸಿದ ಪ್ರತಿಷ್ಠಾನವು ರಾಜ್ಯಸರಕಾರದೊಡನೆ ಸೇರಿ ೨೦೦೨ರಲ್ಲಿ ರಾಯಚೂರನ್ನೊಳಗೊಂಡ ಈಶಾನ್ಯ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಕಲಿಕೆಯ ಖಾತರಿಯ ಕಾರ್ಯಕ್ರಮವನ್ನು ಪ್ರಾರಂಭಿಸಿತು. ಶಾಲೆಗಳು ತಾವಾಗಿಯೇ ಮುಂದೆ ಬಂದು ಹೆಸರು ಕೊಡಬೇಕು. ಎಲ್ಲ ಮಕ್ಕಳೂ ಸೇರಿರುವರೇ, ಬರುತ್ತಿರುವರೇ, ಕಲಿತಿರುವರೇ ಎಂಬ ಮೂರನ್ನು ಹೊರಗಿನವರು ಪರೀಕ್ಷಿಸಬೇಕು. ಗುರಿಯನ್ನು ಮುಟ್ಟಿದ ಶಾಲೆಗೆ ಪುರಸ್ಕಾರವುಂಟು. ಇಲ್ಲಿ ಎಣಿಸಿದುದು ಬೆಂಚುಗಳನ್ನಲ್ಲ, ಕಲಿತ ಮಕ್ಕಳನ್ನು. ಪುರಸ್ಕಾರದ ಆಸೆಯಿಂದ ಪರೀಕ್ಷೆಯೇ ಗುರಿಯಾದೀತೆಂಬ ಆಕ್ಷೇಪಕ್ಕೆ ಎಡೆಯಿದ್ದರೂ, ಪ್ರಶ್ನೆಯನ್ನು ಸರಿಯಾದ ಸ್ಥಳದಲ್ಲಿ ಇಟ್ಟುದು ಅದರ ಹಿರಿಮೆ.

ಮತ್ತೊಂದು ನಿದರ್ಶನವು ಆಹಾರದ್ದು. ರಾಯಚೂರೂ ಸೇರಿದಂತೆ ಕೆಲವು ಹಿಂದುಳಿದ ಜಿಲ್ಲೆಗಳ ಶಾಲಾಮಕ್ಕಳಿಗೆ ೨೦೨೧ರ ಡಿಸೆಂಬರಿನಿಂದ ಸರಕಾರವು ಮೊಟ್ಟೆಯನ್ನು ಕೊಡತೊಡಗಿತು. ಬಳಿಕ ಅದು ರಾಜ್ಯದ ಎಲ್ಲೆಡೆಗೂ ವಿಸ್ತರಿಸಿ, ವಾರಕ್ಕೆ ಎರಡು ದಿನಗಳಂತೆ ನಡೆಯುತ್ತಿದ್ದಾಗ, ೨೦೨೪ರಲ್ಲಿ ಅದೇ ಪ್ರತಿಷ್ಠಾನವು ಉಳಿದ ನಾಲ್ಕು ದಿನಗಳ ವೆಚ್ಚವನ್ನು ಮೂರು ವರ್ಷಗಳಿಗೆ ವಹಿಸಿಕೊಂಡಿತು. ಹಸಿದು ಬಂದ ಮಗುವಿಗೆ ಪಾಠವು ಹತ್ತುವುದಿಲ್ಲವೆಂಬುದು ಉಪಾಧ್ಯಾಯರೆಲ್ಲರೂ ಬಲ್ಲ ಮಾತು.

ಈ ಪ್ರತಿಷ್ಠಾನವು ಹೀಗೆ ದೀರ್ಘಕಾಲ ಕೆಲಸ ಮಾಡಬಲ್ಲುದಾದುದು ಶೇಕಡಾ ೨ರ ಕಾಯಿದೆಯಿಂದಲ್ಲ. ವಿಪ್ರೋದ ಒಡೆತನದ ಲಾಭದಲ್ಲಿ ಶೇಕಡಾ ೬೭ರಷ್ಟು ಅದಕ್ಕೆ ಮೀಸಲಾಗಿರುವುದೆಂದು ೨೦೧೯ರಲ್ಲಿ ಪ್ರಕಟವಾಯಿತು. ಇದು ಸಂಪೂರ್ಣವಾಗಿ ದತ್ತಿಯೇ. ಭೂಮಿಯ ಬದಲು ಷೇರುಗಳು. ೧೯೦೯ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಮಂದಿರವು ಹುಟ್ಟಿದುದೂ ಜಮ್‌ಷೇಟ್‌ಜಿ ಟಾಟಾರವರು ಬಿಟ್ಟ ಆಸ್ತಿಯ ಮತ್ತು ಮೈಸೂರು ಸಂಸ್ಥಾನವು ಕೊಟ್ಟ ಭೂಮಿಯ ಬಲದಿಂದ. ಮೂಲವನ್ನು ಬಿಟ್ಟುಕೊಟ್ಟ ದಾನವು ದಾನಿಯ ಕಾಲವನ್ನು ಮೀರಿ ನಿಂತಿತು. ಇದಕ್ಕೆ ವಿರುದ್ಧವಾದ ನಿದರ್ಶನವು ಕೋಲಾರದ ಚಿನ್ನದ ಗಣಿಗಳದು. ಅಲ್ಲಿ ಕಂಪೆನಿಯೇ ಊರಾಗಿತ್ತು. ೨೦೦೧ರ ಫೆಬ್ರವರಿಯಲ್ಲಿ ಗಣಿಯು ಮುಚ್ಚಿದಾಗ ಊರಿನ ಸಾರ್ವಜನಿಕ ಜೀವನವೇ ಆಧಾರ ತಪ್ಪಿತು. ಶಾಲೆಗೂ ಗಣಿಗೂ ಒಂದೇ ಆಯುಸ್ಸಾಗಬಾರದು.

೬

ಕುಶಲತೆಯ ಶಿಕ್ಷಣದ ವಿಷಯವು ಸ್ವಲ್ಪ ಬೇರೆ. ಇಲ್ಲಿ ಕಂಪೆನಿಯು ದಾನಿಯಷ್ಟೇ ಅಲ್ಲ, ಗುರುವೂ ಆಗಬಲ್ಲುದು. ೧೯೬೧ರ ಅಪ್ರೆಂಟಿಸ್ ಕಾಯಿದೆಯೂ ಅದರ ನಿಯಮಗಳೂ ೩೦ ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳು ನಿಯತ ಪ್ರಮಾಣದಲ್ಲಿ ಅಭ್ಯಾಸಿಗಳನ್ನು ತೆಗೆದುಕೊಳ್ಳಬೇಕೆಂದು ವಿಧಿಸುತ್ತವೆ. ಬಿಡದಿಯಲ್ಲಿ ಟೊಯೋಟಾ ಕಂಪೆನಿಯು ೨೦೦೭ರಲ್ಲಿ ತೆರೆದ ತಾಂತ್ರಿಕ ಶಿಕ್ಷಣಸಂಸ್ಥೆಯು ರಾಜ್ಯದ ಗ್ರಾಮಗಳ ಬಡ ವಿದ್ಯಾರ್ಥಿಗಳನ್ನು ಆರಿಸಿ ಮೂರು ವರ್ಷ ವಸತಿಯಿತ್ತು ಕಲಿಸುತ್ತದೆ. ೨೦೨೨ರಲ್ಲಿ ಟಾಟಾ ಟೆಕ್ನಾಲಜೀಸ್‌ನ ಸಹಯೋಗದಿಂದ ರಾಜ್ಯದ ೧೫೦ ಸರಕಾರಿ ಐ. ಟಿ. ಐ.ಗಳು ಹೊಸ ಯಂತ್ರಗಳನ್ನು ಪಡೆದು ನವೀಕೃತವಾದವು. ಮೊದಲನೆಯದರಲ್ಲಿ ಮಗುವು ಕಾರ್ಖಾನೆಯಿದ್ದಲ್ಲಿಗೆ ಹೋಗುತ್ತದೆ. ಎರಡನೆಯದರಲ್ಲಿ ಯಂತ್ರವು ಮಗುವಿದ್ದಲ್ಲಿಗೆ ಬರುತ್ತದೆ. ಗುಳೆಯಿಂದ ಬೆಂದ ದೇವದುರ್ಗಕ್ಕೆ ಎರಡನೆಯದೇ ಹೆಚ್ಚು ಒಗ್ಗತಕ್ಕುದು. ವಿದ್ಯುತ್ ಕೇಂದ್ರದ ದುರಸ್ತಿಯ ಕೆಲಸ, ಅಕ್ಕಿಯ ಗಿರಣಿಯ ಯಂತ್ರಗಳು, ಹತ್ತಿಯ ಜಿನ್ನುಗಳು, ಔಷಧ ಕಾರ್ಖಾನೆಯ ಪ್ರಯೋಗಶಾಲೆ ಇವೆಲ್ಲ ಸೀಮೆಯಲ್ಲಿಯೇ ಇರುವ ಪಾಠಶಾಲೆಗಳು.

ಭಾಷೋಪಾಧ್ಯಾಯರು ಗಮನಿಸತಕ್ಕ ಅಂಶವೊಂದು ಇಲ್ಲಿದೆ. ಕನ್ನಡದಲ್ಲಿ ಓದಿ ಬಂದ ಹುಡುಗನು ಕಾರ್ಖಾನೆಯ ಬಾಗಿಲಲ್ಲಿ ಇಂಗ್ಲಿಷಿನ ಸೂಚನೆಗಳನ್ನು ಎದುರಿಸುತ್ತಾನೆ. ನಿಜಾಮರ ಕಾಲದಲ್ಲಿ ಶಾಲೆಯ ಹೊಸ್ತಿಲಲ್ಲಿದ್ದ ಭಾಷೆಯ ತೊಡಕು ಈಗ ಕಸಬಿನ ಹೊಸ್ತಿಲಿಗೆ ಸರಿದಿದೆ. ಬಾಯ್ಲರು, ಟರ್ಬೈನು, ವಾಲ್ವು ಎಂಬ ಹೆಸರುಗಳು ಕೆಲಸಗಾರರ ಬಾಯಲ್ಲಿ ಕನ್ನಡವೇ ಆಗಿಹೋಗಿವೆ, ಅವನ್ನು ಬದಲಿಸಬೇಕಾಗಿಲ್ಲ. ಬೇಕಾದುದು ಅವುಗಳ ಕೆಲಸವನ್ನೂ ಅಪಾಯವನ್ನೂ ತಿಳಿಗನ್ನಡದಲ್ಲಿ ವಿವರಿಸುವ ಕೈಪಿಡಿಗಳು. ಎಂಜಿನಿಯರರೂ ಕನ್ನಡದ ಉಪಾಧ್ಯಾಯರೂ ಕೂಡಿ ಕುಳಿತರೆ ಸಾಧ್ಯವಾಗುವ ಈ ಕೆಲಸಕ್ಕೆ ತಗಲುವ ಹಣವು ಒಂದು ಕೊಠಡಿಯ ವೆಚ್ಚವನ್ನು ಮೀರಲಾರದು.

೭

ಮೇಲಿನ ವಿವೇಚನೆಯಿಂದ ತೋರಿಬರುವುದಿಷ್ಟು. ಕಂಪೆನಿಗಳ ನೆರವು ಈಗ ಭಿಕ್ಷೆಯಲ್ಲ, ಋಣದ ಸಲುವಳಿ. ಅದರ ಕೊರತೆಯು ಹಣದ ಪ್ರಮಾಣದಲ್ಲಿರುವುದಕ್ಕಿಂತ ಹೆಚ್ಚಾಗಿ, ಅದು ಸ್ಥಳಕ್ಕೂ ಅಲ್ಪಕಾಲಕ್ಕೂ ವಸ್ತುವಿಗೂ ಕಟ್ಟುಬಿದ್ದಿರುವುದರಲ್ಲಿದೆ. ಪರಿಹಾರವು ಅಸಾಧ್ಯವಾದುದಲ್ಲ. ರಾಯಚೂರಿನ ಸುತ್ತಲೂ ಕೆಲಸ ನಡೆಸುವ ಕಂಪೆನಿಗಳು ಜಿಲ್ಲೆಯನ್ನೇ ತಮ್ಮ ಊರೆಂದು ಭಾವಿಸಿದರೆ, ದೇವದುರ್ಗ ಮಾನ್ವಿಗಳು ಅವರ ನೆರೆಯವೇ ಆಗುತ್ತವೆ. ಒಂದು ಕಂಪೆನಿಯ ಮೂರು ವರ್ಷಗಳು ಮುಗಿಯುವಲ್ಲಿ ಮತ್ತೊಂದರದು ಮೊದಲಾಗುವಂತೆ ಸರದಿಯನ್ನು ಏರ್ಪಡಿಸಿಕೊಂಡರೆ, ಮೂಲಧನವಿಲ್ಲದೆಯೂ ಹತ್ತು ವರ್ಷಗಳ ಓದು ತುಂಡಾಗದೆ ನಡೆದೀತು. ೨೦೦೧ರಿಂದ ರಚಿತವಾಗುತ್ತ ಬಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಲ್ಲಿ ತಾಯಿತಂದೆಯರೇ ಇರುವುದರಿಂದ, ಏನು ಬೇಕೆಂಬುದನ್ನು ಕೇಳತಕ್ಕುದು ಅವರನ್ನು. ಹಿಂದುಳಿದ ಜಿಲ್ಲೆಗಳ ಮಟ್ಟಿಗಾದರೂ, ಸರಕಾರದ ಕಣ್ಗಾವಲಿನಲ್ಲಿ ಮೂಲಧನವನ್ನು ಅನುಮತಿಸಬಹುದೇ ಎಂಬುದು ಕಾನೂನನ್ನು ರಚಿಸುವವರು ಯೋಚಿಸತಕ್ಕ ವಿಷಯ.

ಕೊಡತಕ್ಕ ವಸ್ತುಗಳ ಪಟ್ಟಿಯಲ್ಲಿ ಮೊದಲಿನ ಸ್ಥಾನವು ಮನುಷ್ಯರಿಗೆ ಸಲ್ಲಬೇಕು: ಖಾಲಿ ತರಗತಿಗೆ ಉಪಾಧ್ಯಾಯ, ಗುಳೆ ಹೋದವರ ಮಕ್ಕಳು ಊರಿನಲ್ಲಿಯೇ ಉಳಿದು ಓದಲು ವಸತಿ ನೋಡಿಕೊಳ್ಳುವಾಕೆ, ಪುಸ್ತಕದ ಕಪಾಟಿಗೆ ಒಬ್ಬ ಭಂಡಾರಿ. ನಾಗಾವಿಯ ಘಟಿಕಾಸ್ಥಾನದಲ್ಲಿ ಗ್ರಂಥಗಳನ್ನು ಕಾಯಲು ಆರು ಮಂದಿಗೆ ವೃತ್ತಿಯಿದ್ದಿತು. ಮೊಸರುಕಲ್ಲಿನ ನೆರೆಯ ಶಾಲೆಗಳಿಗೆ ಸದ್ಯಕ್ಕೆ ಒಬ್ಬೊಬ್ಬರು ದೊರೆತರೂ ಸಾಕು.